ಬೈಕ್ ಸಮೇತ ಹಡಗು ಹತ್ತಿ ದೇಶದ ಗಡಿ ದಾಟುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸವಾರರಿಗೆ

ರಸ್ತೆಯ ಗಡಿಯಲ್ಲಿ ಒಂದು ಮುದ್ರೆ ಬಿಟ್ಟುಹೋದರೆ ಗಾಡಿ ತಿರುಗಿಸಿ ಹಿಂದೆ ಹೋಗಿ ಹಾಕಿಸಿಕೊಂಡು ಬರಬಹುದು. ಹಡಗಿನ ಗಡಿಯಲ್ಲಿ ಆ ಅನುಕೂಲವಿಲ್ಲ. ಬಿಡುವ ದೇಶದ ಕಚೇರಿ ಒಂದು ದಂಡೆಯ ಮೇಲೆ, ಸೇರುವ ದೇಶದ ಕಚೇರಿ ಇನ್ನೊಂದು ದಂಡೆಯ ಮೇಲೆ, ನಡುವೆ ಸಮುದ್ರ. ಒಟ್ಟು ನಾಲ್ಕು ಕಿಟಕಿ ದಾಟಬೇಕು: ಹೊರಹೋಗುವಾಗ ಸವಾರನಿಗೆ ಇಮಿಗ್ರೇಷನ್, ಗಾಡಿಗೆ ಕಸ್ಟಮ್ಸ್, ಒಳಬರುವಾಗ ಮತ್ತೆ ಅವೇ ಎರಡು. ಪಾಸ್‌ಪೋರ್ಟಿನ ಕಿಟಕಿಯನ್ನು ತಪ್ಪಿಸಲು ಯಾರೂ ಬಿಡುವುದಿಲ್ಲ. ಎಡವುವುದು ಗಾಡಿಯ ಕಿಟಕಿಯಲ್ಲಿ. ಹಡಗಿನಿಂದ ನೂರಾರು ಕಾರು ಒಮ್ಮೆಲೇ ಇಳಿಯುತ್ತವೆ, ಆ ಸಾಲಿನೊಡನೆ ಹರಿದುಕೊಂಡು ಗೇಟಿನ ಹೊರಗೆ ಬಂದುಬಿಟ್ಟರೆ ಗಾಡಿಯ ಕಾಗದಕ್ಕೆ ಮುದ್ರೆ ಬಿದ್ದೇ ಇರುವುದಿಲ್ಲ. ಅದು ಗೊತ್ತಾಗುವುದು ವಾಪಸು ಬರುವ ದಿನ.

ಭಾರತದಿಂದ ಬೈಕ್ ಹತ್ತಿಸಿಕೊಂಡು ಹೋಗುವ ಫೆರಿಯನ್ನು ನಂಬಿ ಯೋಜನೆ ಹಾಕಬೇಡಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ ತಮಿಳುನಾಡಿನ ನಾಗಪಟ್ಟಿಣಂನಿಂದ ಶ್ರೀಲಂಕಾದ ಕಾಂಕೇಸಂತುರೈಗೆ ಹೋಗುವ ಹಡಗು ಜನರನ್ನು ಒಯ್ಯುತ್ತದೆ, ವಾಹನಗಳನ್ನಲ್ಲ. ಆದ್ದರಿಂದ ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವುದು ಸ್ಪೇನಿನ ಅಲ್ಜೆಸಿರಾಸ್‌ನಿಂದ ಮೊರೊಕ್ಕೊದ ಟ್ಯಾಂಜಿಯರ್ ಮೆಡ್ ಬಂದರಿಗೆ ಹೋಗುವ ದಾರಿ. ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಜಾಗ ಸುಮಾರು 14 ಕಿ.ಮೀ., ಈ ಹಡಗಿನ ಪಯಣ ಸುಮಾರು ಒಂದೂವರೆ ತಾಸು, ದಿನಕ್ಕೆ ಹಲವು ಹಡಗುಗಳಿವೆ. ಯುರೋಪ್ ಬಿಟ್ಟು ಆಫ್ರಿಕಾ ಸೇರುವ ಗಡಿಯಾದ್ದರಿಂದ ನಾಲ್ಕೂ ಕಿಟಕಿಗಳು ಕಟ್ಟುನಿಟ್ಟಾಗಿ ಇವೆ. ಇಲ್ಲಿ ಸರಿಯಾಗಿ ದಾಟಿದವರಿಗೆ ಗ್ರೀಸ್–ಟರ್ಕಿಯಾಗಲಿ, ಫ್ರಾನ್ಸ್–ಇಂಗ್ಲೆಂಡ್ ಆಗಲಿ ತೊಡಕಾಗುವುದಿಲ್ಲ.

ಸ್ವಂತ ಗಾಡಿಯೋ, ಬಾಡಿಗೆ ಗಾಡಿಯೋ

ಎರಡು ವಾರದ ಪ್ರವಾಸವಾದರೆ ಸ್ಪೇನಿನಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಬುಕ್ ಮಾಡುವ ಮೊದಲೇ ಒಂದು ಮಾತು ಬರಹದಲ್ಲಿ ಪಡೆಯಬೇಕು: ಈ ಗಾಡಿಯನ್ನು ಮೊರೊಕ್ಕೊಗೆ ಒಯ್ಯಲು ಮಾಲೀಕರ ಒಪ್ಪಿಗೆ ಇದೆ, ವಿಮೆ ಅಲ್ಲಿಗೂ ಅನ್ವಯಿಸುತ್ತದೆ ಎಂದು. ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಗಾಡಿಯ ನಂಬರು, ಚಾಸಿ ನಂಬರು, ದಿನಾಂಕಗಳು ಇರಲಿ. ಸಾಕಷ್ಟು ಬಾಡಿಗೆ ಅಂಗಡಿಗಳು ಯುರೋಪಿನ ಒಳಗೆ ಮಾತ್ರ ಬಿಡುತ್ತವೆ. ಪತ್ರವಿಲ್ಲದೆ ಹೋದರೆ ಮೊರೊಕ್ಕೊ ಕಸ್ಟಮ್ಸ್ ಗಾಡಿಯನ್ನು ಒಳಗೆ ಬಿಡುವುದಿಲ್ಲ, ನೀವು ಅದೇ ಬಂದರಿನಿಂದ ಮರಳಬೇಕಾಗುತ್ತದೆ.

ತಿಂಗಳುಗಟ್ಟಲೆ ತಿರುಗುವವರು ಸ್ವಂತ ಗಾಡಿಯನ್ನು ಮುಂಬೈ ಬಳಿಯ ನವಾ ಶೇವಾ ಬಂದರಿನಿಂದ ಕಂಟೇನರ್‌ನಲ್ಲಿ ಕಳಿಸುತ್ತಾರೆ. ಟ್ಯಾಂಕ್ ಬರಿದು ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ ಕಳಿಸಬೇಕು. ಪೆಟ್ಟಿಗೆಯನ್ನು ಊರಿನ ಬಡಿಗರ ಕಡೆ ಮಾಡಿಸಬಹುದು, ಆದರೆ ಕಟ್ಟಿಗೆ ಶಾಖ ಸಂಸ್ಕರಣೆ ಆದದ್ದೇ ಆಗಿರಬೇಕು, ಅದರ ಮೇಲೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮುದ್ರೆ ಇಲ್ಲದ ಕಟ್ಟಿಗೆಯನ್ನು ಕೀಟಗಳ ಭಯದಿಂದ ಅಲ್ಲಿಯ ಬಂದರು ತಡೆಯುತ್ತದೆ. ತಡೆದು ನಿಲ್ಲಿಸಿದ ದಿನಗಳ ಬಾಡಿಗೆ ನಿಮ್ಮ ತಲೆಗೇ ಬರುತ್ತದೆ.

ಊರಲ್ಲೇ ಮುಗಿಸಬೇಕಾದ ಕಾಗದ

ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕೊಡುತ್ತದೆ. ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲ, ಗೋಕಾಕ, ವಿಜಯಪುರ, ಬಾಗಲಕೋಟೆ, ಜಮಖಂಡಿ, ನಿಮ್ಮ ಲೈಸೆನ್ಸ್ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಬೇಕು. ಅವಧಿ 1 ವರ್ಷ. ಅದರೊಳಗೆ ಮೋಟಾರ್ ಸೈಕಲ್ ವರ್ಗದ ಚೌಕದಲ್ಲಿ ಮುದ್ರೆ ಬಿದ್ದಿದೆಯೋ ಇಲ್ಲವೋ ಕೌಂಟರಿನ ಎದುರೇ ನೋಡಿಕೊಳ್ಳಿ. ಕಾರಿನ ಚೌಕಕ್ಕೆ ಮಾತ್ರ ಮುದ್ರೆ ಒತ್ತಿಸಿಕೊಂಡು ಬಂದರೆ ಅಲ್ಲಿ ಲೈಸೆನ್ಸ್ ಇಲ್ಲದ ಸವಾರನ ಲೆಕ್ಕ. ಪರವಾನಗಿಯ ಜತೆ ಮೂಲ ಲೈಸೆನ್ಸ್ ಕೂಡ ಒಯ್ಯಬೇಕು, ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿಲ್ಲ.

ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾ ಹಲವು ಪ್ರವೇಶದ್ದಾಗಿರಲಿ. ಈ ಒಂದು ಸಾಲನ್ನು ಗೆರೆ ಎಳೆದು ಇಟ್ಟುಕೊಳ್ಳಿ. ಒಂದೇ ಪ್ರವೇಶದ ವೀಸಾದಲ್ಲಿ ಸ್ಪೇನ್ ಬಿಟ್ಟು ಮೊರೊಕ್ಕೊಗೆ ಹೋದ ಕ್ಷಣ ವೀಸಾ ಮುಗಿಯಿತು. ಗಾಡಿ ಸಮೇತ ಆಫ್ರಿಕಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಅರ್ಜಿಯ ಜತೆ ಹೋಗುವ–ಬರುವ ಎರಡೂ ಹಡಗಿನ ಬುಕಿಂಗ್ ಇಟ್ಟು, ಎರಡು ಸಲ ಪ್ರವೇಶ ಯಾಕೆ ಬೇಕು ಎಂದು ಪತ್ರದಲ್ಲಿ ಬಿಡಿಸಿ ಬರೆಯಿರಿ. ಮೊರೊಕ್ಕೊದ ವೀಸಾ ಬೇರೆ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳು ಬಾಳಿಕೆ ಉಳಿದಿರಲಿ.

ಸ್ವಂತ ಗಾಡಿಯವರಿಗೆ ಕಾರ್ನೆ ಎಂಬ ಪುಸ್ತಕದ ಮಾತು. ಇದು ಗಾಡಿಯ ಪಾಸ್‌ಪೋರ್ಟ್. ಈ ಗಾಡಿಯನ್ನು ಮಾರದೆ ವಾಪಸು ಒಯ್ಯುತ್ತೇನೆ ಎಂಬುದಕ್ಕೆ ವಾಹನ ಸಂಘವೊಂದು ಜಾಮೀನು ನಿಲ್ಲುತ್ತದೆ, ಅದಕ್ಕಾಗಿ ನಿಮ್ಮಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಪಡೆಯುತ್ತದೆ. ನಮ್ಮ ಭಾಗದವರಿಗೆ ಹತ್ತಿರವಾಗುವುದು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್. ಸ್ಪೇನಿಗಾಗಲಿ ಮೊರೊಕ್ಕೊಗಾಗಲಿ ಕಾರ್ನೆ ಕಡ್ಡಾಯವಲ್ಲ. ಇರಾನ್, ಈಜಿಪ್ಟ್ ಮುಂತಾದ ಕಡೆ ಹೋಗುವವರಿಗೆ ಬೇಕೇ ಬೇಕು, ಭಾರತಕ್ಕೆ ಗಾಡಿ ಮರಳಿ ತರುವಾಗಲೂ ಇದರಿಂದ ಕೆಲಸ ಸುಲಭ. ಪ್ರತಿ ಹಾಳೆಗೆ ಮೂರು ಭಾಗ: ಒಳಬರುವಾಗ ಹರಿದುಕೊಳ್ಳುವ ಚೀಟಿ, ಹೊರಹೋಗುವಾಗ ಹರಿದುಕೊಳ್ಳುವ ಚೀಟಿ, ಪುಸ್ತಕದಲ್ಲೇ ಉಳಿಯುವ ಬುಡ. ಬುಡದ ಮೇಲೆ ಎರಡೂ ಮುದ್ರೆ ಬಿದ್ದರೆ ಮಾತ್ರ ಆ ದೇಶದ ಲೆಕ್ಕ ಚುಕ್ತಾ. ಬಾಳಿಕೆ ಸಾಮಾನ್ಯವಾಗಿ 1 ವರ್ಷ.

ಕಾರ್ನೆ ಅರ್ಜಿ ಹಾಕುವ ಮೊದಲು ಆರ್‌ಸಿ ತೆಗೆದುಕೊಂಡು ಗಾಡಿಯ ಹತ್ತಿರ ಕೂತುಕೊಳ್ಳಿ. ಚಾಸಿ ನಂಬರು, ಎಂಜಿನ್ ನಂಬರು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಹಳೆಯ ಬುಲೆಟ್‌ಗೆ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ತಿದ್ದಿಸದೇ ಬಿಟ್ಟವರು ನಮ್ಮಲ್ಲಿ ಬಹಳ. ಬಣ್ಣ ಬದಲಾಗಿದ್ದರೂ ಅದೇ ಪಾಡು. ನಮ್ಮ ಕಡೆ ಗಾಡಿ ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇರುವುದೂ ಸಾಮಾನ್ಯ. ಹಾಗಿದ್ದರೆ ಒಂದೋ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ, ಇಲ್ಲವೇ ಇಂಗ್ಲಿಷ್‌ನಲ್ಲಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ, ಅದರ ಫ್ರೆಂಚ್ ಅನುವಾದ ಎರಡೂ ಜತೆಗಿರಲಿ. ಮೊರೊಕ್ಕೊ ಕಸ್ಟಮ್ಸ್‌ನ ಕಾಗದಗಳು ಫ್ರೆಂಚ್ ಮತ್ತು ಅರಬ್ಬಿಯಲ್ಲಿವೆ. ಸೊಸೈಟಿ ಅಥವಾ ಬ್ಯಾಂಕಿನ ಸಾಲ ಇನ್ನೂ ಆರ್‌ಸಿಯ ಮೇಲಿದ್ದರೆ ಅವರ ಆಕ್ಷೇಪಣೆ ಇಲ್ಲ ಎಂಬ ಪತ್ರವೂ ಬೇಕು.

ನಂಬರ್ ಪ್ಲೇಟು ಇಂಗ್ಲಿಷ್ ಅಕ್ಷರ, ಅಂಕಿಗಳದ್ದೇ ಆಗಿರಬೇಕು. ಹಿಂದೆ ಭಾರತದ ಗುರುತಿನ ಮೊಟ್ಟೆಯಾಕಾರದ ಸ್ಟಿಕರ್ ಅಂಟಿಸಿ.

ಇನ್ನು ವಿಮೆ. ನಿಮ್ಮ ಇಲ್ಲಿಯ ಪಾಲಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನ, ಮಾಲ್ಡೀವ್ಸ್‌ವರೆಗೆ ಚಾಚಬಹುದು, ಅದರಾಚೆಗಿಲ್ಲ. ಹಾಗೆ ಚಾಚಿದಾಗಲೂ ಸಮುದ್ರಯಾನದಲ್ಲಿ ಗಾಡಿಗಾಗುವ ಹಾನಿ ಅದರಲ್ಲಿ ಸೇರುವುದಿಲ್ಲ ಎಂದು ಪಾಲಿಸಿಯ ಷರತ್ತೇ ಹೇಳುತ್ತದೆ. ಯುರೋಪಿಗೆ ಗಡಿ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಮೊರೊಕ್ಕೊಗೆ ಅನ್ವಯಿಸುವ ಗ್ರೀನ್ ಕಾರ್ಡ್ (ಹೊರದೇಶದಲ್ಲೂ ಗಾಡಿಗೆ ವಿಮೆ ಇದೆ ಎಂಬ ಪ್ರಮಾಣಪತ್ರ) ಇಲ್ಲದಿದ್ದರೆ ಟ್ಯಾಂಜಿಯರ್ ಮೆಡ್ ಬಂದರಿನ ಒಳಗೇ ವಿಮೆಯ ಕಿಟಕಿ ಇದೆ. ಅಲ್ಲಿ ಸಿಗುವುದು ಎದುರಿನವರಿಗಾಗುವ ಹಾನಿಯ ವಿಮೆ ಮಾತ್ರ.

ಕೈ ಪಳಗಿಸಿಕೊಳ್ಳುವ ಜಾಗ

ಈ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಚೋರ್ಲಾ ಘಾಟ್ ಇಳಿದರೆ ಗೋವಾ; ಅಲ್ಲಿ ಮಾಂಡೋವಿ ಹೊಳೆಯ ಮೇಲೆ ರಿಬಂದರ್–ಚೋಡಣ, ಹಳೇ ಗೋವಾ–ದಿವಾಡಿ ಫೆರಿಗಳಿವೆ. ಅವುಗಳ ಕಬ್ಬಿಣದ ರ್‍ಯಾಂಪಿನ ಮೇಲೆ ಸಾಮಾನು ತುಂಬಿದ ಗಾಡಿಯನ್ನು ನಾಲ್ಕೈದು ಸಲ ಹತ್ತಿಸಿ ಇಳಿಸಿ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು, ಒದ್ದೆ ಕಬ್ಬಿಣದ ಮೇಲೆ ಟೈರು ಹೇಗೆ ಜಾರುತ್ತದೆ ಎಂಬುದು ಹೇಳಿದರೆ ತಿಳಿಯುವುದಲ್ಲ. ಕೃಷ್ಣೆಯ ಹಿನ್ನೀರಿನಲ್ಲಿ ಬೋಟಿನ ಮೇಲೆ ಗಾಡಿ ಹಾಕಿ ದಾಟಿದ ಬಾಗಲಕೋಟೆ, ಜಮಖಂಡಿ ಸೀಮೆಯವರಿಗೆ ಸಮತೋಲನದ ಅಭ್ಯಾಸ ಈಗಾಗಲೇ ಇರುತ್ತದೆ. ಆದರೆ ಅಲ್ಲಿಯಂತೆ ಗಾಡಿಯ ಮೇಲೆ ಕುಳಿತೇ ದಾಟುವ ಪದ್ಧತಿ ಹಡಗಿನಲ್ಲಿ ನಡೆಯದು. ಗಾಡಿಯನ್ನು ಕಟ್ಟಿ ನೀವು ಮೇಲೆ ಹೋಗಲೇಬೇಕು.

ಸೈಡ್ ಸ್ಟ್ಯಾಂಡಿನ ತುದಿಗೆ ಅಂಗೈ ಅಗಲದ ಒಂದು ಪಟ್ಟಿಯನ್ನು ಬೆಳಗಾವಿಯ ಉದ್ಯಮಬಾಗದಂಥ ಕಡೆ ವೆಲ್ಡ್ ಮಾಡಿಸಿಕೊಳ್ಳಿ. ಸಣ್ಣ ತುದಿ ಬಣ್ಣ ಬಳಿದ ಡೆಕ್ಕಿನ ಮೇಲೆ ಜಾರುತ್ತದೆ. ಪಟ್ಟಿಯ ಅಡಿಗೆ ಹಳೆಯ ಟ್ಯೂಬಿನ ತುಂಡು ಅಂಟಿಸಿದರೆ ಹಿಡಿತ ಬರುತ್ತದೆ. ದಪ್ಪ ಹೆಚ್ಚಾದರೆ ಗಾಡಿ ನೆಟ್ಟಗೆ ನಿಂತು ಬಲಕ್ಕೆ ಬೀಳುವ ಅಪಾಯವಿದೆ, ಅದಕ್ಕೇ ತೆಳುವಾದ ಪಟ್ಟಿ ಸಾಕು.

ಟಿಕೆಟ್ ಮತ್ತು ದಿನ

ಟಿಕೆಟ್ಟಿನಲ್ಲಿ ವಾಹನದ ಬಗೆ ಮೋಟಾರ್ ಸೈಕಲ್ ಎಂದೇ ಇರಲಿ. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ, ನಂಬರು ಪ್ಲೇಟಿನಲ್ಲಿದ್ದಂತೆ. ಅಪ್ಪನ ಹೆಸರು, ಅಡ್ಡಹೆಸರು ಅದಲು ಬದಲಾದರೆ ಬಂದರಿನಲ್ಲಿ ಟಿಕೆಟ್ ತಿದ್ದಿಸುತ್ತ ನಿಲ್ಲಬೇಕಾಗುತ್ತದೆ.

ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಯುರೋಪಿನಲ್ಲಿ ದುಡಿಯುವ ಮೊರೊಕ್ಕೊ ಮೂಲದ ಕುಟುಂಬಗಳು ಕಾರು ತುಂಬಿಕೊಂಡು ಊರಿಗೆ ಹೋಗಿ ಬರುತ್ತವೆ. ಜುಲೈ ಕೊನೆಯಲ್ಲಿ ದಕ್ಷಿಣಕ್ಕೂ ಆಗಸ್ಟ್ ಕೊನೆಯಲ್ಲಿ ಉತ್ತರಕ್ಕೂ ಹೋಗದಿದ್ದರೆ ಬಿಸಿಲಲ್ಲಿ ತಾಸುಗಟ್ಟಲೆ ಸಾಲು ನಿಲ್ಲುವುದು ತಪ್ಪುತ್ತದೆ. ಸ್ಪೇನಿನ ತರೀಫಾದಿಂದ ಟ್ಯಾಂಜಿಯರ್ ಪೇಟೆಗೇ ಹೋಗುವ ವೇಗದ ಹಡಗು ಸುಮಾರು ಒಂದು ತಾಸಿನದು, ಆದರೆ ಲೆವಾಂತೆ ಎಂಬ ಮೂಡಣ ಗಾಳಿ ಜೋರಾದರೆ ಅದು ರದ್ದಾಗುತ್ತದೆ. ಅಲ್ಜೆಸಿರಾಸ್‌ನ ದೊಡ್ಡ ಹಡಗುಗಳು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ದಿನ ಬದಲಿಸಬಹುದಾದ ಟಿಕೆಟ್ಟಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಂದರಿಗೆ ಒಂದೂವರೆ ತಾಸು ಮೊದಲೇ ತಲುಪಿ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಬೇಡಿ, ಬಿಸಿ ಡೆಕ್ಕಿನಲ್ಲಿ ಪೆಟ್ರೋಲ್ ಹಿಗ್ಗಿ ಉಕ್ಕುತ್ತದೆ. ಕ್ಯಾನಿನಲ್ಲಿ ಬಿಡಿ ಪೆಟ್ರೋಲ್ ಒಯ್ಯುವಂತಿಲ್ಲ. ಡ್ರೋನ್ ಇದ್ದರೆ ಸ್ಪೇನಿನಲ್ಲೇ ಇಟ್ಟು ಹೋಗಿ, ಮೊರೊಕ್ಕೊ ಕಸ್ಟಮ್ಸ್ ಅದನ್ನು ಕಿತ್ತುಕೊಳ್ಳುತ್ತದೆ.

ಸ್ಪೇನ್ ಬಿಡುವಾಗ ಪಾಸ್‌ಪೋರ್ಟ್ ತೋರಿಸಬೇಕು. 2025ರ ಅಕ್ಟೋಬರ್ 12ರಿಂದ ಯುರೋಪ್ ಹಂತ ಹಂತವಾಗಿ ಶಾಯಿ ಮುದ್ರೆಯ ಬದಲು ಬೆರಳಚ್ಚು, ಮುಖದ ಫೋಟೋ ದಾಖಲಿಸುವ ವ್ಯವಸ್ಥೆಗೆ ಬಂದಿದೆ. ಹೆಲ್ಮೆಟ್, ಕೈಗವಸು ತೆಗೆದು ಸಿದ್ಧರಾಗಿ ನಿಂತರೆ ಸಾಲು ಮುಂದೆ ಸಾಗುತ್ತದೆ. ಕಾರ್ನೆ ಮಾಡಿಸಿ ಒಳಬರುವಾಗ ಮುದ್ರೆ ಹಾಕಿಸಿಕೊಂಡವರು ಇಲ್ಲೇ ಹೊರಹೋಗುವ ಮುದ್ರೆ ಹಾಕಿಸಬೇಕು. ಸಾಲಿನಲ್ಲಿ ಯಾರೂ ನಿಮ್ಮನ್ನು ತಡೆದು ಕೇಳುವುದಿಲ್ಲ, ನೀವೇ ಗಾಡಿ ಪಕ್ಕಕ್ಕೆ ಹಾಕಿ ಕಸ್ಟಮ್ಸ್ ಕಚೇರಿ ಹುಡುಕಿ ಹೋಗಬೇಕು. ಒಂದೂವರೆ ತಾಸು ಮೊದಲು ಬನ್ನಿ ಎಂದದ್ದು ಇದಕ್ಕೇ.

ರ್‍ಯಾಂಪು ಹತ್ತುವುದು, ಗಾಡಿ ಕಟ್ಟುವುದು

ಮುಂದಿನ ಕಾರು ರ್‍ಯಾಂಪು ಪೂರ್ತಿ ದಾಟುವತನಕ ಕೆಳಗೇ ನಿಲ್ಲಿ. ಕಾರು ನಡುವೆ ನಿಂತರೆ ಕಾರಿನವನಿಗೆ ಏನೂ ಆಗದು. ನೀವು ಏರಿನ ಮೇಲೆ, ಒದ್ದೆ ಕಬ್ಬಿಣದ ಮೇಲೆ ಕಾಲು ಊರಬೇಕಾಗುತ್ತದೆ, ಬೂಟು ಜಾರಿದರೆ ಗಾಡಿ ಮಲಗುತ್ತದೆ. ಮೊದಲ ಗೇರಿನಲ್ಲಿ, ಒಂದೇ ಹದದ ಎಕ್ಸಲರೇಟರ್‌ನಲ್ಲಿ ನೇರವಾಗಿ ಹತ್ತಿ. ಮುಂದಿನ ಬ್ರೇಕ್ ಮುಟ್ಟಬೇಡಿ, ಬೇಕಾದರೆ ಹಿಂದಿನದನ್ನು ಮೆಲ್ಲಗೆ ಒತ್ತಿ. ರ್‍ಯಾಂಪು ಮತ್ತು ಹಡಗು ಕೂಡುವ ಜಾಗದ ತಗಡು, ಸಂದು ಇವನ್ನು ಅಡ್ಡಲಾಗಿ ನೇರ ದಾಟಬೇಕು. ಓರೆಯಾಗಿ ಹೋದರೆ ಮುಂದಿನ ಚಕ್ರ ಸಂದಿನ ಗುಂಟ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಡೋವರ್‌ನಂಥ ಬಂದರುಗಳಲ್ಲಿ ಉಬ್ಬರವಿಳಿತದ ಅಂತರ ಹಲವು ಮೀಟರ್ ಇರುವುದರಿಂದ ಇಳಿತದ ವೇಳೆ ರ್‍ಯಾಂಪು ಕಡಿದಾಗಿರುತ್ತದೆ. ಹಿಂದೆ ಕೂತವರನ್ನು ಮೊದಲೇ ಇಳಿಸಿ ನಡೆದು ಬರಲು ಬಿಡುತ್ತಾರೆಯೇ ಎಂದು ಸಿಬ್ಬಂದಿಯನ್ನು ಕೇಳಿ. ಬಿಟ್ಟರೆ ಗಾಡಿ ಹಗುರ.

ಒಳಗೆ ಸಿಬ್ಬಂದಿ ತೋರಿಸಿದ ಗೋಡೆ ಪಕ್ಕಕ್ಕೆ ನಿಲ್ಲಿಸಿ. ಇನ್ನು ಕಟ್ಟುವ ಕೆಲಸ. ಕೆಲವು ಹಡಗುಗಳಲ್ಲಿ ಸಿಬ್ಬಂದಿಯೇ ಕಟ್ಟುತ್ತಾರೆ, ಹಲವು ಕಡೆ ಎಣ್ಣೆ ಮೆತ್ತಿದ ಹಗ್ಗ ಕೊಟ್ಟು ಹೋಗಿಬಿಡುತ್ತಾರೆ. ಅದಕ್ಕೆ ನಿಮ್ಮದೇ ಎರಡು, ಹಿಡಿಕೆ ಆಡಿಸಿ ಬಿಗಿಯುವ ರ್‍ಯಾಚೆಟ್ ಪಟ್ಟಿಗಳಿರಲಿ: 25 ಮಿ.ಮೀ. ಅಗಲ, 2ರಿಂದ 3 ಮೀಟರ್ ಉದ್ದ. ಜತೆಗೆ ಹ್ಯಾಂಡಲಿನ ಬುಡಕ್ಕೆ ಸುತ್ತಲು ಎರಡು ಮೆತ್ತನೆಯ ಕುಣಿಕೆ ಪಟ್ಟಿ, ಹಳೆಯ ಟವೆಲ್ ಒಂದು.

ಸೈಡ್ ಸ್ಟ್ಯಾಂಡೇ ಸರಿ. ಡಬಲ್ ಸ್ಟ್ಯಾಂಡಿನ ಮೇಲೆ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಹಡಗು ಮುಂದೆ ಹಿಂದೆ ತೂಗಿದಾಗ ಗಾಡಿ ಸ್ಟ್ಯಾಂಡಿನಿಂದ ಮುಂದಕ್ಕೆ ಉರುಳಿ ಕೆಳಗಿಳಿಯುತ್ತದೆ. ಎಂಜಿನ್ ಆರಿಸಿ ಮೊದಲ ಗೇರಿನಲ್ಲಿ ಬಿಡಿ, ನ್ಯೂಟ್ರಲ್‌ನಲ್ಲಿ ಬಿಟ್ಟರೆ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿ. ಮುಂದಿನ ಬ್ರೇಕ್ ಲಿವರನ್ನು ದಪ್ಪ ರಬ್ಬರ್ ಪಟ್ಟಿಯಿಂದ ಹಿಡಿಗೆ ಬಿಗಿಯಾಗಿ ಕಟ್ಟಿ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ.

ಒಂದು ಪಟ್ಟಿ ಸೀಟಿನ ಮೇಲೆ ಹಾಯ್ದು ಎರಡೂ ಬದಿ ಡೆಕ್ಕಿನ ಕೊಂಡಿಗಳಿಗೆ. ಸೀಟು ಹರಿಯದಂತೆ ಅಡಿಯಲ್ಲಿ ಟವೆಲ್. ಇನ್ನೊಂದು ಮುಂದೆ, ಹ್ಯಾಂಡಲಿನ ಕೆಳಗೆ ಫೋರ್ಕಿನ ಎರಡೂ ಕೊಳವೆಗಳನ್ನು ಜೋಡಿಸುವ ಅಡ್ಡ ಹಿಡಿಕೆಗೆ ಕುಣಿಕೆ ಹಾಕಿ. ಹ್ಯಾಂಡಲಿನ ತುದಿಗೆ, ಕನ್ನಡಿಗೆ, ಸಾಮಾನಿನ ಪೆಟ್ಟಿಗೆಯ ಕಂಬಿಗೆ ಕಟ್ಟಲೇಬಾರದು, ಬಾಗುತ್ತವೆ. ಎಡಬದಿಯ ಎಳೆತ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸುತ್ತದೆ, ಬಲಬದಿಯದು ಸ್ಟ್ಯಾಂಡ್ ದಾಟಿ ಎಡಕ್ಕೆ ಮಗುಚದಂತೆ ಹಿಡಿಯುತ್ತದೆ. ಮೊದಲು ಎಡ ತುಸು ಬಿಗಿ, ಆಮೇಲೆ ಬಲ, ಕೊನೆಗೆ ಎರಡೂ ಸಮ. ಎಡವನ್ನೇ ಜಗ್ಗಿ ಜಗ್ಗಿ ಬಿಗಿದರೆ ಸ್ಟ್ಯಾಂಡಿನ ಬೋಲ್ಟ್ ಬಾಗುತ್ತದೆ. ಶಾಕ್ ಅಬ್ಸಾರ್ಬರ್ ಮೂರರಲ್ಲೊಂದು ಭಾಗ ಕೂತರೆ ಸಾಕು. ಪೂರ್ತಿ ಕೂರಿಸಿದರೆ ಫೋರ್ಕಿನ ಸೀಲ್ ಒಡೆದು ಎಣ್ಣೆ ಸೋರುತ್ತದೆ. ಏನೂ ಕೂರಿಸದಿದ್ದರೆ ಮೊದಲ ತೂಗಾಟಕ್ಕೇ ಪಟ್ಟಿ ಸಡಿಲವಾಗಿ ಕೊಂಡಿ ಕಳಚುತ್ತದೆ. ಪಟ್ಟಿಯ ಉಳಿದ ತುದಿಯನ್ನು ಗಂಟು ಹಾಕಿ, ಚೈನಿಗೂ ಬಿಸಿ ಸೈಲೆನ್ಸರಿಗೂ ತಾಗದಂತೆ ನೋಡಿ. ಕಟ್ಟುವ ಮೊದಲೊಂದು, ಕಟ್ಟಿದ ಮೇಲೊಂದು ಫೋಟೋ ತೆಗೆದಿಟ್ಟರೆ ಮುಂದೆ ಗೀರು, ಜಜ್ಜಿನ ವಾದಕ್ಕೆ ಸಾಕ್ಷಿ.

ಅಲಾರ್ಮ್ ಆರಿಸಿ, ತೂಗಾಟಕ್ಕೆ ಅದು ದಾರಿಯುದ್ದ ಕೂಗುತ್ತದೆ. ಹಡಗು ಹೊರಟ ಮೇಲೆ ವಾಹನದ ಡೆಕ್ಕಿಗೆ ಬೀಗ ಬೀಳುತ್ತದೆ. ಪಾಸ್‌ಪೋರ್ಟ್, ಆರ್‌ಸಿ, ಪತ್ರಗಳು, ಹಣ, ನೀರು ಎಲ್ಲವನ್ನೂ ಟ್ಯಾಂಕ್ ಬ್ಯಾಗಿನಲ್ಲಿ ಮೇಲೊಯ್ಯಿರಿ. ಡೆಕ್ಕಿನ ಅಂತಸ್ತು, ಮೆಟ್ಟಿಲಿನ ನಂಬರನ್ನೂ ಬರೆದುಕೊಳ್ಳಿ.

ಹಡಗಿನ ಮೇಲೆ

ಮೊದಲ ಕೆಲಸ ಊಟವಲ್ಲ, ಮೊರೊಕ್ಕೊ ಪೊಲೀಸರ ಮೇಜು ಎಲ್ಲಿದೆ ನೋಡುವುದು. ಕೆಲವು ಹಡಗುಗಳಲ್ಲಿ ಪ್ರವೇಶದ ಮುದ್ರೆಯನ್ನು ಪಯಣದ ನಡುವೆಯೇ ಹಾಕುತ್ತಾರೆ. ಕಿಟಕಿ ಪಕ್ಕ ಕೂತು ಸಮುದ್ರ ನೋಡುತ್ತ ಅದನ್ನು ಮರೆತವರು ದಂಡೆಯಲ್ಲಿ ಎಲ್ಲರಿಗಿಂತ ಹಿಂದೆ ಉಳಿಯುತ್ತಾರೆ.

ವಾಂತಿಯ ಗುಳಿಗೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಇಳಿದ ಕೂಡಲೇ ಗಾಡಿ ಓಡಿಸುವವರು ಒಂದೂವರೆ ತಾಸಿನ ಪಯಣಕ್ಕೆ ಅದನ್ನು ನುಂಗದಿರುವುದೇ ಲೇಸು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತರೆ ತೂಗಾಟ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಗಾವಿ ಕುಂದಾ ಮಾತ್ರ ಕಟ್ಟಿಕೊಳ್ಳಬೇಡಿ. ಹೊರದೇಶದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನೊಳಗೆ ಪ್ರವಾಸಿಗರು ತರುವಂತಿಲ್ಲ.

ಇಳಿದ ಮೇಲೆ

ಬಾಗಿಲು ತೆರೆದು ಮುಂದಿನ ವಾಹನ ಚಲಿಸುವತನಕ ಎಂಜಿನ್ ಚಾಲೂ ಮಾಡಬೇಡಿ, ಹೊಗೆ ಒಳಗೇ ತುಂಬುತ್ತದೆ. ಪಟ್ಟಿ ಬಿಚ್ಚುವಾಗ ಒಂದು ಕೈ ಗಾಡಿಯ ಮೇಲಿರಲಿ. ಬ್ರೇಕಿನ ರಬ್ಬರ್ ತೆಗೆಯದೆ ಹೊರಟು ಅಲ್ಲೇ ಬೀಳುವವರಿದ್ದಾರೆ.

ಟ್ಯಾಂಜಿಯರ್ ಮೆಡ್‌ನಲ್ಲಿ ಪಾಸ್‌ಪೋರ್ಟ್ ಆದ ಮೇಲೆ ಕಸ್ಟಮ್ಸ್. ಗಾಡಿಯ ತಾತ್ಕಾಲಿಕ ಪ್ರವೇಶಕ್ಕೆ ಅವರು ಒಂದು ದಾಖಲೆ ಮಾಡಿಕೊಡುತ್ತಾರೆ, ಸವಾರರ ಬಾಯಲ್ಲಿ ಇಂದಿಗೂ ಅದು ಡಿ16 ಟೆರ್. ಇದಕ್ಕೆ ಶುಲ್ಕವಿಲ್ಲ. ನಾನು ತುಂಬಿಕೊಡುತ್ತೇನೆ ಎಂದು ಕೈಯಿಂದ ಪಾಸ್‌ಪೋರ್ಟ್ ತೆಗೆದುಕೊಳ್ಳಲು ಬರುವವರಿಗೆ ಬೇಡವೆಂದು ಹೇಳಿ ಸಮವಸ್ತ್ರದವರ ಹತ್ತಿರವೇ ಹೋಗಿ. ದಾಖಲೆ ಕೈಗೆ ಬಂದ ಮೇಲೆ ಅಲ್ಲಿಂದ ಕದಲುವ ಮೊದಲು ನಂಬರ್ ಪ್ಲೇಟು, ಚಾಸಿ ನಂಬರು, ನಿಮ್ಮ ಹೆಸರು ಓದಿ. ಭಾರತದ ಉದ್ದನೆಯ ನಂಬರಿನಲ್ಲಿ ಸೊನ್ನೆ ಇದ್ದಲ್ಲಿ ಓ ಅಕ್ಷರ ಬರುವುದು ಸಾಮಾನ್ಯ ತಪ್ಪು. ಹೊರಹೋಗುವಾಗ ಗಣಕದಲ್ಲಿ ಗಾಡಿ ಸಿಗದೆ ಪರದಾಡುವುದಕ್ಕಿಂತ ಆಗಲೇ ತಿದ್ದಿಸುವುದು ಐದು ನಿಮಿಷದ ಕೆಲಸ. ಆ ಮೇಲೆ ವಿಮೆ, ಸ್ವಲ್ಪ ದಿರ್ಹಮ್ (ಮೊರೊಕ್ಕೊದ ಹಣ), ಆಮೇಲೆ ರಸ್ತೆ. ಟ್ಯಾಂಜಿಯರ್ ಪೇಟೆ ಇಲ್ಲಿಂದ ಪಶ್ಚಿಮಕ್ಕೆ 40 ಕಿ.ಮೀ. ಮೇಲಿದೆ.

ಅಲ್ಲಿ ಎದುರಿನಿಂದ ಬರುವವರು ನಿಮ್ಮ ಎಡಕ್ಕಿರುತ್ತಾರೆ, ನೀವು ರಸ್ತೆಯ ಬಲಕ್ಕಿರಬೇಕು. ಸ್ಪೇನಿನಲ್ಲೇ ರೂಢಿಯಾಗಿದ್ದರೂ ಬಂದರಿನಿಂದ ಹೊರಬರುವ ಮೊದಲ ವೃತ್ತದಲ್ಲಿ ಎಚ್ಚರ.

ಗಾಡಿಯನ್ನು ಬಿಟ್ಟು ನೀವೊಬ್ಬರೇ ವಿಮಾನದಲ್ಲಿ ಮೊರೊಕ್ಕೊ ಬಿಡುವಂತಿಲ್ಲ, ಅದು ನಿಮ್ಮ ಹೆಸರಿನಲ್ಲಿ ಬಾಕಿ ಇರುತ್ತದೆ. ಮರಳುವಾಗ ಹಡಗು ಹತ್ತುವ ಮೊದಲು ಅದೇ ದಾಖಲೆಯನ್ನು ಕೊಟ್ಟು ಗಾಡಿ ಹೊರಹೋಯಿತೆಂದು ನಮೂದಿಸಿಕೊಳ್ಳಿ. ಮರಳುವ ದಾರಿಯಲ್ಲಿ ತಪಾಸಣೆ ಹೆಚ್ಚು, ನಾಯಿಗಳಿಂದ ಮೂಸಿಸುತ್ತಾರೆ. ಪೆಟ್ಟಿಗೆಗಳ ಬೀಗ ನಿಮ್ಮ ಕೈಯಿಂದಲೇ ತೆಗೆಯಿರಿ, ಬೇರೆಯವರ ಪೊಟ್ಟಣ ಏನೇ ಇರಲಿ ಇಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ಸ್ಪೇನಿನ ಗಡಿಯಾರ ಮೊರೊಕ್ಕೊದಕ್ಕಿಂತ ಒಂದು ತಾಸು ಮುಂದಿರುತ್ತದೆ. ಟಿಕೆಟ್ಟಿನಲ್ಲಿರುವುದು ಹೊರಡುವ ಬಂದರಿನ ಸಮಯ.

ಸ್ವಂತ ಗಾಡಿ ನವಾ ಶೇವಾಕ್ಕೆ ಮರಳಿದ ಮೇಲೆ ಕಾರ್ನೆಗೆ ಭಾರತದ ಕಸ್ಟಮ್ಸ್‌ನ ಮರುಪ್ರವೇಶದ ಮುದ್ರೆ ಹಾಕಿಸಿ, ಪುಸ್ತಕದ ಎಲ್ಲ ಬುಡಗಳ ಫೋಟೋ ತೆಗೆದಿಟ್ಟುಕೊಂಡು, ಮೂಲ ಪುಸ್ತಕವನ್ನು ಕೊಟ್ಟ ಸಂಘಕ್ಕೇ ಒಪ್ಪಿಸಿ ರಸೀದಿ ಪಡೆಯಬೇಕು. ಠೇವಣಿ ಬಿಡುಗಡೆಯಾಗುವುದು ಅದಾದ ಮೇಲೆಯೇ.